ಅಟ್ಟ, ನಡು, ನೆಲ

ಮಾರ್ಚ್ 2

ಪ್ರೀತಿಯ ಚಿಕ್ಕಪ್ಪ,

ಮೊದಲು ನಮ್ಮ ಮೂರಂತಸ್ತಿನ ಚದುರಂಗದಾಟ, ಆಮೇಲೆ ಮಾತು. ನನ್ನ ಅಟ್ಟದ ಆನೆ ನೇರವಾಗಿ ನೆಲಕ್ಕೆ ಇಳಿದು ನಿಮ್ಮ ಒಂಟೆಯನ್ನು ಹೊಡೆದಿದೆ. ನಡುವಿನ ಹಲಗೆಯಲ್ಲಿ ಅದೇ ಮನೆಯಲ್ಲಿ ನಿಮ್ಮ ಕುದುರೆ ನಿಂತಿದೆ ಅಂತ ಗೊತ್ತು. ನಿಂತಿರಲಿ ಪಾಪ. ಇಳಿಯುವವನಿಗೆ ನಡುವಿನವನು ಅಡ್ಡವಲ್ಲ ಅಂತ ನಮ್ಮ ಮನೆಯ ಕಾನೂನೇ ಇದೆಯಲ್ಲ. ನೀವೂ ನಿಮ್ಮ ಮೂರು ಗಾಜಿನ ಹಲಗೆಗಳ ಮೇಲೆ ಕಾಯಿ ನಡೆಸಿಕೊಳ್ಳಿ, ಒಂಟೆಯನ್ನು ಎತ್ತಿ ಡಬ್ಬಿಗೆ ಹಾಕಿ, ಕಣ್ಣೀರು ಒರೆಸಿಕೊಳ್ಳಿ.

ಈಗ ಮಾತು. ವಿಮಾನಗಳಿಗೆ ದಾರಿ ಹೇಳುವ ನಮ್ಮ ಕೋಣೆಯಲ್ಲಿ ನನ್ನನ್ನು ಹೊಸ ಕುರ್ಚಿಗೆ ಹಾಕಿದ್ದಾರೆ. ಎರಡು ವರ್ಷ ನಾನು ನೋಡಿಕೊಂಡಿದ್ದು ಹಾದುಹೋಗುವ ವಿಮಾನಗಳನ್ನು. ಒಂದು ಕಡೆಯಿಂದ ಬರುತ್ತಿದ್ದವು, ಇನ್ನೊಂದು ಕಡೆಗೆ ಹೋಗುತ್ತಿದ್ದವು, ನಾನು ನಮಸ್ಕಾರ ಹೇಳುತ್ತಿದ್ದೆ. ಈಗ ಕೊಟ್ಟಿರುವುದು ಇಳಿಯುವ ವಿಮಾನಗಳು. ನೆಲದಲ್ಲಿ ದಾರಿ ಖಾಲಿಯಾಗುವವರೆಗೆ ಅವು ಆಕಾಶದಲ್ಲಿ ಒಂದೇ ಜಾಗದಲ್ಲಿ, ಒಂದರ ಮೇಲೊಂದು, ಸಾವಿರ ಸಾವಿರ ಅಡಿ ಬಿಟ್ಟು ಸುತ್ತುತ್ತಾ ಇರುತ್ತವೆ. ಕೆಳಗಿನದನ್ನು ಇಳಿಸಬೇಕು, ಮೇಲಿನವನ್ನು ಒಂದೊಂದೇ ಮೆಟ್ಟಿಲು ಕೆಳಗೆ ತರಬೇಕು. ನನ್ನ ಮುಂದಿನ ಪರದೆ ಮಾತ್ರ ರೊಟ್ಟಿ ಲಟ್ಟಿಸುವ ಮಣೆಯ ಹಾಗೆ ಚಪ್ಪಟೆ. ಚುಕ್ಕೆಗಳೆಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ, ಪಕ್ಕದಲ್ಲಿ ಎತ್ತರದ ಅಂಕಿ ಇರುತ್ತದೆ. ಉಳಿದವರು ಅಂಕಿ ಓದಿ ಲೆಕ್ಕ ಹಾಕುತ್ತಾರೆ. ನಾನು ಕಣ್ಣು ಮಿಟುಕಿಸಿದರೆ ಸಾಕು, ನಿಮ್ಮ ಅಂಗಡಿಯ ಗಾಜಿನ ಹಲಗೆಗಳು ಎದ್ದು ನಿಲ್ಲುತ್ತವೆ. ಅಟ್ಟ, ನಡು, ನೆಲ. ಅದಕ್ಕೇ ನಾನು ಎಲ್ಲರಿಗಿಂತ ಚುರುಕು ಅಂತ ಹೆಸರು.

ಆದರೂ ಹೆದರಿಕೆ ಆಗುತ್ತದೆ ಚಿಕ್ಕಪ್ಪ. ಕೂತ ಹತ್ತು ನಿಮಿಷಕ್ಕೆ ಅಂಗೈ ಒದ್ದೆಯಾಗುತ್ತದೆ. ನಮ್ಮ ಪಾಳಿಯ ಮುಖ್ಯಸ್ಥರಿಗೆ ಎಲ್ಲರೂ ಗಡಿಯಾರ ಅನ್ನುತ್ತಾರೆ, ಒಂದು ನಿಮಿಷ ಆಚೀಚೆ ಆಗದ ಮನುಷ್ಯ. ಅವರು ನನ್ನ ಕೈ ನೋಡಿ ಒಂದು ಕರವಸ್ತ್ರ ತಂದುಕೊಟ್ಟು ಹೋದರು.

ಫೋನ್ ಮಾಡೋಣವೆಂದರೆ ನಿಮ್ಮ ಕಿವಿ "ಆಂ? ಆಂ?" ಬಿಟ್ಟು ಬೇರೇನೂ ಕೇಳಿಸಿಕೊಳ್ಳುವುದಿಲ್ಲ. ಕಾಗದ ಬರೆಯಿರಿ. ಬೇಗ ಬರೆಯಿರಿ.

ನಿಮ್ಮ ಮೊಂಡಿ


ಮಾರ್ಚ್ 14

ಮೊಂಡಿ,

ಒಂಟೆ ಹೋಯಿತು. ನಿನ್ನ ಚಿಕ್ಕಮ್ಮ ನಿನ್ನ ಕಾಗದವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದಳು, ಮಾನವೂ ಹೋಯಿತು. ನೆಲದಲ್ಲಿ ನನ್ನ ಮಂತ್ರಿ ಎರಡು ಮನೆ ಬಲಕ್ಕೆ ಸರಿದಿದ್ದಾನೆ. ನಿನ್ನ ಆನೆಗೆ ಈಗ ಅಲ್ಲಿ ಉಸಿರು ಕಟ್ಟುತ್ತದೆ, ನೋಡಿಕೋ.

ಹೆದರಿಕೆ ಅಂದೆಯಲ್ಲ, ಹೆದರದವನು ಗಾಜು ಕೊಯ್ಯಬಾರದು ಅಂತ ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ನಲವತ್ತು ವರ್ಷದಿಂದ ಜನರ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದೇನೆ, ಇವತ್ತಿಗೂ ದೊಡ್ಡ ಗಾಜು ಎತ್ತುವಾಗ ಹೆದರುತ್ತೇನೆ. ಅದಕ್ಕೇ ಹತ್ತೂ ಬೆರಳು ಉಳಿದಿವೆ. ನಿನ್ನ ಅಪ್ಪ ಅಮ್ಮ ಗಿರಣಿಯ ಪಾಳಿಯಲ್ಲಿದ್ದಾಗ ಶಾಲೆ ಬಿಟ್ಟು ನೇರ ನನ್ನ ಅಂಗಡಿಗೆ ಬಂದು ಕೂರುತ್ತಿದ್ದವಳು ನೀನು. ಏಳು ವರ್ಷದವಳು ಮೂರಂತಸ್ತಿನ ಚದುರಂಗ ಆಡಿದೆ. ಮೂರು ವಿಮಾನ ಯಾವ ಲೆಕ್ಕ ನಿನಗೆ?

ಚಿಕ್ಕಮ್ಮ ಹೇಳುತ್ತಾಳೆ, "ಊಟ ಬಿಡ್ಬೇಡ ಅಂತ ಬರೀರಿ." ಬರೆದಿದ್ದೇನೆ.

ಚಿಕ್ಕಪ್ಪ


ಏಪ್ರಿಲ್ 9

ಚಿಕ್ಕಪ್ಪ,

ಆಟದ ನಡೆ ಇಲ್ಲ. ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೊನ್ನೆ ಮಧ್ಯಾಹ್ನ ಮೂರೂ ಇಪ್ಪತ್ತು. ಮೂರು ವಿಮಾನಗಳು ಸುತ್ತುತ್ತಿದ್ದವು. ಕೆಳಗಿನದನ್ನು ಇಳಿಸಲು ಕಳಿಸಿದೆ, ಏಳು ಸಾವಿರ ಅಡಿಯ ಜಾಗ ಖಾಲಿಯಾಯಿತು. ಎಂಟು ಸಾವಿರದಲ್ಲಿ ಒಂದು, ಒಂಬತ್ತು ಸಾವಿರದಲ್ಲಿ ಒಂದು ಉಳಿದವು. ಸರದಿಯಂತೆ ಎಂಟು ಸಾವಿರದ್ದು ಮೊದಲು ಇಳಿಯಬೇಕಿತ್ತು. ಅಷ್ಟರಲ್ಲಿ ಎಲ್ಲಕ್ಕಿಂತ ಮೇಲಿದ್ದ ವಿಮಾನದ ಪೈಲಟ್ ಹೆಂಗಸು, ಪ್ರಯಾಣಿಕರೊಬ್ಬರಿಗೆ ಎದೆನೋವು ಬಂದಿದೆ, ತಕ್ಷಣ ಇಳಿಯಬೇಕು ಅಂದರು. ಹಿಂದಿನಿಂದ ಗಡಿಯಾರ, "ಅವರನ್ನ ಮೊದಲು ತನ್ನಿ" ಅಂದರು. ನಾನು ಆ ಪೈಲಟ್‌ಗೆ ಏಳು ಸಾವಿರಕ್ಕೆ ಇಳಿಯಲು ಹೇಳಿದೆ.

ನಡುವಿನದನ್ನು ಪಕ್ಕಕ್ಕೆ ಸರಿಸದೆಯೇ ಹೇಳಿದೆ.

ಎರಡೂ ವಿಮಾನಗಳ ಒಳಗೆ ಎಚ್ಚರಿಕೆಯ ಯಂತ್ರ ಕೂಗಿಕೊಂಡಿತು. ಮೇಲಿನವರು ಮೂತಿ ಎತ್ತಿದರು, ನಡುವಿನವರು ತಗ್ಗಿಸಿದರು. ನೂರ ಎಂಬತ್ತು ಅಡಿ ಅಂತರದಲ್ಲಿ ಉಳಿದವು. ನಡುವಿನ ವಿಮಾನದಲ್ಲಿ ಟೀ ಹಂಚುತ್ತಿದ್ದ ಹುಡುಗಿಯ ಮಣಿಕಟ್ಟು ಮುರಿಯಿತು. ಎದೆನೋವಿನವರು ಬದುಕಿದ್ದಾರೆ. ಎರಡರಲ್ಲೂ ಸೇರಿ ಮುನ್ನೂರ ಹನ್ನೊಂದು ಜನ.

ನನ್ನನ್ನು ಎಬ್ಬಿಸಿ ಬೇರೆಯವರನ್ನು ಕೂರಿಸಿದರು. ಗೋಡೆ ಹಿಡಿದುಕೊಂಡು ಆಚೆ ಬಂದೆ. ಎಲ್ಲರೂ ಒಳ್ಳೆಯವರು ಚಿಕ್ಕಪ್ಪ, ಯಾರೂ ಬೈಯಲಿಲ್ಲ. ಗಡಿಯಾರ ಹತ್ತಿರ ಬಂದು, "ದಣಿವು. ಹನ್ನೊಂದು ದಿನ ರಜೆ ಇಲ್ಲದೆ ಕೂತಿದ್ದೀರಿ. ಮರೆತುಹೋಯ್ತು ಅಂತ ಬರೆದುಕೊಡಿ. ಒಂದು ತಿಂಗಳು ವಿಶ್ರಾಂತಿ, ಆಮೇಲೆ ಅದೇ ಕುರ್ಚಿ" ಅಂದರು.

ಆದರೆ ನಾನು ಮರೆತಿರಲಿಲ್ಲ. ಇದನ್ನು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ. ನಡುವಿನ ಚುಕ್ಕೆ ನನ್ನ ಕಣ್ಣ ಮುಂದೆಯೇ ಇತ್ತು. ಅದರ ಅಂಕಿ ಓದಿದೆ. ಓದಿದ ಮೇಲೆಯೇ ಇಳಿಯಿರಿ ಅಂದೆ. ಅದು ಅಡ್ಡ ಅಂತ ನನಗೆ ಅನ್ನಿಸಲೇ ಇಲ್ಲ. ದಣಿವಾದರೆ ನಿದ್ದೆ ಮಾಡಿದರೆ ಹೋಗುತ್ತದೆ. ಇದು ಎಲ್ಲಿಂದ ಬಂತು ಅಂತಲೇ ಗೊತ್ತಿಲ್ಲ, ಹಾಗಾದರೆ ಹೋಗುವುದು ಹೇಗೆ?

ಮೊಂಡಿ


ಏಪ್ರಿಲ್ 17

ಮಗಳೇ,

ಕಾಗದ ಬಂತು. ದೇವರು ದೊಡ್ಡವನು, ಎಲ್ಲರೂ ಉಳಿದರು.

ಆ ಗಡಿಯಾರ ಹೇಳಿದ್ದೇ ಸರಿ. ದಣಿವು ಅಂತ ಬರೆದುಕೊಟ್ಟುಬಿಡು. ದೊಡ್ಡವರು ಹೇಳಿದ ಮೇಲೆ ಯಾಕೆ ಕೆದಕುತ್ತೀಯ? ಮನುಷ್ಯನಾದ ಮೇಲೆ ಎಡವುತ್ತಾನೆ. ನಿದ್ದೆ ಮಾಡು.

ನಾಲ್ಕು ಕಟ್ಟು ಬಾಕಿ ಇವೆ, ಅವಸರದಲ್ಲಿದ್ದೇನೆ. ಹೆಚ್ಚು ಬರೆಯಲಾರೆ.

ಚಿಕ್ಕಪ್ಪ


ಏಪ್ರಿಲ್ 26

ಚಿಕ್ಕಪ್ಪ,

ಇಷ್ಟು ಚಿಕ್ಕ ಕಾಗದವನ್ನು ನೀವು ಜನ್ಮದಲ್ಲಿ ಬರೆದವರಲ್ಲ. ನನ್ನ ಮೇಲೆ ಕೋಪವೇ? ನಾಚಿಕೆಯೇ? ಬೈಯುವುದಾದರೆ ಬೈದುಬಿಡಿ. ಸುಮ್ಮನಿದ್ದರೆ ನನಗೆ ಇನ್ನೂ ಹೆದರಿಕೆಯಾಗುತ್ತದೆ.

ಮೇ 12ಕ್ಕೆ ವಿಚಾರಣೆ. ಕಾಗದವನ್ನು ಅವರೇ ಟೈಪ್ ಮಾಡಿಟ್ಟಿದ್ದಾರೆ, "ಅತಿಯಾದ ದಣಿವಿನಿಂದ ಉಂಟಾದ ಮರೆವು" ಅಂತ. ನಾನು ಸಹಿ ಹಾಕಿದರೆ ಮುಗಿಯಿತು, 15ರಿಂದ ಮತ್ತೆ ಆ ಕುರ್ಚಿಯಲ್ಲಿ ಕೂರಬೇಕು. ಮರೆವಲ್ಲ, ನೋಡಿಯೂ ಬಿಟ್ಟೆ ಅಂದರೆ ಇನ್ನೆಂದೂ ಕೂರಿಸುವುದಿಲ್ಲವೇನೋ. ಬೇರೆ ಯಾವ ಕೆಲಸವೂ ನನಗೆ ಬರುವುದಿಲ್ಲ. ಆದರೆ ಕೆಲಸ ಹೋಗುತ್ತದೆ ಅನ್ನುವುದಕ್ಕಿಂತ, ಕೂರಿಸಿಬಿಡುತ್ತಾರೆ ಅನ್ನುವುದಕ್ಕೇ ನನಗೆ ಹೆಚ್ಚು ಭಯ. ಮುಂದಿನ ಸಲ ಆ ಯಂತ್ರ ಕೂಗದಿದ್ದರೆ?

ಹಗಲೆಲ್ಲ ಕೋಣೆಯಲ್ಲಿ ಕೂತು ಕಾಗದದ ಮೇಲೆ ಮೂರು ಚೌಕ ಬರೆದು ಚುಕ್ಕೆ ಇಡುತ್ತೇನೆ. ಎಲ್ಲವೂ ಸರಿಯಾಗಿ ಕಾಣುತ್ತದೆ, ಏನು ತಪ್ಪು ಅಂತ ಕಾಣುವುದೇ ಇಲ್ಲ. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗಿದೆ. ಮೆಟ್ಟಿಲು ಇಳಿಯುವಾಗ ಯಾರಾದರೂ ಎದುರು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತೇನೆ. ಕೆಳಗಿನ ಮನೆಯ ಅಜ್ಜಿ, "ಯಾಕಮ್ಮ, ನಾನೇನು ದೆವ್ವಾನಾ?" ಅಂದರು.

ಎತ್ತರವನ್ನು ನೋಡುವುದು ನನಗೆ ಕಲಿಸಿದವರು ನೀವು. ನೀವೇ ಹೇಳಿ, ಎದುರಿಗೇ ಇದ್ದದ್ದು ನನಗೆ ಯಾಕೆ ಅಡ್ಡ ಅನ್ನಿಸಲಿಲ್ಲ?

ಮೊಂಡಿ


ಮೇ 3

ಮಗಳೇ,

ಇದು ಐದನೆಯ ಹಾಳೆ. ನಾಲ್ಕನ್ನು ಹರಿದೆ. ನಿನ್ನ ಚಿಕ್ಕಮ್ಮ ಎದುರಿಗೆ ಕೂತಿದ್ದಾಳೆ, "ನೀವು ಬರೀರಿ, ಇಲ್ಲಾಂದ್ರೆ ನಾನೇ ಬರೀತೀನಿ" ಅಂತ ಪೆನ್ನಿನ ಮುಚ್ಚಳ ತೆಗೆದುಕೊಟ್ಟಿದ್ದಾಳೆ.

ಏಪ್ರಿಲ್‌ನ ನಿನ್ನ ಕಾಗದ ಓದಿದ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಅದಕ್ಕೇ ಕೆದಕಬೇಡ, ಸಹಿ ಹಾಕು ಅಂತ ಬರೆದೆ. ನಿನ್ನನ್ನು ಉಳಿಸಲು ಅಲ್ಲ, ನನ್ನನ್ನು ಉಳಿಸಿಕೊಳ್ಳಲು.

ನಿನಗೆ ಒಂಬತ್ತು ವರ್ಷ. ಗಾಜಿನ ತುಂಡುಗಳನ್ನು ಕೊಯ್ದು, ನಾಲ್ಕು ಮೂಲೆಗೆ ಹಿತ್ತಾಳೆ ಕಂಬಿ ಕೊಟ್ಟು ಮಾಡಿದ ಆ ಮೂರು ಹಲಗೆಗಳು ಅಂಗಡಿಯ ಮೇಜಿನ ಮೇಲಿದ್ದವು. ಪಕ್ಕದ ಅಂಗಡಿಯ ದರ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮೂರಂತಸ್ತಿನ ಆಟದಲ್ಲಿ ನನ್ನನ್ನು ಸೋಲಿಸುವವನು ಇನ್ನೂ ಹುಟ್ಟಿಲ್ಲ ಅಂತ ಅವತ್ತೇ ಬೆಳಗ್ಗೆ ಅವನ ಮುಂದೆ ಕೊಚ್ಚಿಕೊಂಡಿದ್ದೆ. ನೀನು ನೆಲದ ಹಲಗೆಯಲ್ಲಿ ನನ್ನ ರಾಜನನ್ನು ಮೂಲೆಗೆ ಒತ್ತಿದ್ದೆ. ಇನ್ನೊಂದು ನಡೆಗೆ ನನ್ನ ಕತೆ ಮುಗಿಯುತ್ತಿತ್ತು. ನಾನು ಅಟ್ಟದಿಂದ ಆನೆಯನ್ನು ಎತ್ತಿ ನೇರ ನೆಲಕ್ಕೆ ತಂದು ನಿನ್ನ ಮಂತ್ರಿಯನ್ನು ಹೊಡೆದೆ. ನೀನು ನನ್ನ ಕೈ ಹಿಡಿದುಕೊಂಡೆ.

"ಚಿಕ್ಕಪ್ಪ, ನಡುವೆ ನನ್ನ ಕಾಲಾಳು ಇದಾನೆ. ಅವನ ಮೇಲಿಂದ ಹೆಂಗ್ ಹೋಗ್ತೀರ?"

ಆಟ ಶುರುವಾದಾಗಿನಿಂದ ಕಾನೂನು ನೀನು ಹೇಳಿದ್ದೇ ಆಗಿತ್ತು. ಕುದುರೆ ಬಿಟ್ಟು ಯಾವ ಕಾಯಿಯೂ ಇನ್ನೊಂದನ್ನು ದಾಟಿ ಹೋಗುವ ಹಾಗಿಲ್ಲ, ಅಂತಸ್ತು ಇಳಿಯುವಾಗಲೂ ಇಲ್ಲ. ಎರಡು ವರ್ಷ ಹಾಗೇ ಆಡಿದ್ದೆವು. ದರ್ಜಿ ನಗುತ್ತಿದ್ದ. ನಾನು, "ಇಳಿಯೋನಿಗೆ ನಡುವಿನವನು ಅಡ್ಡ ಅಲ್ಲ ಕಣೇ, ಇದೇ ರೂಲು, ನಿಂಗೆ ಹೇಳೋದು ಮರ್ತಿದ್ದೆ" ಅಂದೆ.

ನೀನು ಒಪ್ಪಲಿಲ್ಲ. ಮೂರು ದಿನ ವಾದ ಮಾಡಿದೆ. ಊಟಕ್ಕೆ ಕೂತಾಗ ವಾದ, ಶಾಲೆಯ ಚೀಲ ಹೆಗಲಿಗೇರಿಸುವಾಗ ವಾದ. ನಿನಗೆ ಮೊಂಡಿ ಅಂತ ಹೆಸರಿಟ್ಟಿದ್ದೇ ಆಗ. ಸರಿಯಾದದ್ದನ್ನು ಹೇಳಿದ್ದಕ್ಕೆ ನಾನು ನಿನಗೆ ಕೊಟ್ಟ ಬಹುಮಾನ ಅದು. ನಾಲ್ಕನೆಯ ದಿನ ನೀನು, "ಚಿಕ್ಕಪ್ಪನಿಗೆ ಗೊತ್ತಿರತ್ತೆ ಬಿಡು" ಅಂತ ನಿನ್ನಷ್ಟಕ್ಕೇ ಹೇಳಿಕೊಂಡು ಸುಮ್ಮನಾದೆ. ಗೆದ್ದೆ ಅಂತ ನಾನು ಖುಷಿಪಟ್ಟೆ. ಆಮೇಲೆ ಹದಿನೆಂಟು ವರ್ಷ ಅದೇ ಕಾನೂನಿನಲ್ಲಿ ಆಡಿದೆವು. ಒಂದೊಂದು ಸಲ ಹೇಳಿಬಿಡೋಣ ಅನ್ನಿಸುತ್ತಿತ್ತು. ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಅಂತ ಬಿಟ್ಟೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ನೀನು ನೆಟ್ಟಗೆ ಬೆಳೆಯುತ್ತಿದ್ದ ಗಿಡ, ಬಗ್ಗಿಸಿದವನು ನಾನು. ಮುನ್ನೂರ ಹನ್ನೊಂದು ಜನ ಅಂದೆಯಲ್ಲ, ಹರಿದ ನಾಲ್ಕು ಹಾಳೆಯಲ್ಲೂ ಆ ಸಂಖ್ಯೆ ಬರೆದಿದ್ದೆ. ನಿನ್ನ ಕಣ್ಣು ಕೆಟ್ಟಿಲ್ಲ. ಅವತ್ತು ಅಂಗಡಿಯಲ್ಲಿ ನೀನು ನೋಡಿದ್ದೇ ಸರಿ.

ಅವರಿಗೆ ಏನು ಹೇಳಬೇಕೋ ಹೇಳು. ನನ್ನ ಹೆಸರನ್ನೂ ಹೇಳು.

ಚಿಕ್ಕಪ್ಪ


ಜುಲೈ 6

ಮಗಳೇ,

ಎರಡು ತಿಂಗಳಾಯಿತು. ಅಂಚೆಯವನು ನಮ್ಮ ಬೀದಿಗೆ ತಿರುಗಿದರೆ ಚಿಕ್ಕಮ್ಮ ಒಲೆಯ ಮೇಲಿನದನ್ನು ಬಿಟ್ಟು ಬರುತ್ತಾಳೆ. ನಾನು ಬಾಗಿಲಿಗೆ ಬರುವುದಿಲ್ಲ. ನನಗೆ ಬರೆಯಬೇಡ, ಬೇಕಾದರೆ ಅವಳಿಗೆ ಬರೆ. ಇದ್ದೀಯೋ ಇಲ್ಲವೋ ಅನ್ನುವಷ್ಟಾದರೂ ತಿಳಿಸು. ಅವಳಿಗೆ ಧೈರ್ಯ ಹೇಳಿ ಹೇಳಿ ನನ್ನಲ್ಲಿದ್ದ ಧೈರ್ಯವೂ ಖಾಲಿಯಾಗಿದೆ.

ಚಿಕ್ಕಪ್ಪ


ಅಕ್ಟೋಬರ್ 20

ಚಿಕ್ಕಪ್ಪ,

ಇದ್ದೇನೆ. ಚಿಕ್ಕಮ್ಮನಿಗೂ ಹೇಳಿ.

ನಿಮ್ಮ ಕಾಗದ ವಿಚಾರಣೆಗೆ ಎರಡು ದಿನ ಮುಂಚೆ ಬಂತು. ಓದಿ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಕಾಗದವನ್ನು ಹಾಗೇ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ಮೂರು ಜನ ಕೂತಿದ್ದರು. ಅವರ ಟೈಪ್ ಮಾಡಿದ ಹಾಳೆಗೆ ಸಹಿ ಹಾಕುವುದಿಲ್ಲ, ನಾನು ಮರೆತಿರಲಿಲ್ಲ, ಇದು ನನ್ನ ಕಾರಣ ಅಂದೆ. ಆಟ ಅಂತ ಕೇಳಿ ಒಬ್ಬರು ನಕ್ಕರು. ಗಡಿಯಾರ ನಗಲಿಲ್ಲ. ಹಾಳೆಯ ಮೇಲೆ ಮೂರು ಚೌಕ ಬರೆದು, "ತೋರಿಸಿ" ಅಂದರು. ತೋರಿಸಿದೆ. ನಕ್ಕವರು ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನೋಡಿದರು. "ಇಷ್ಟು ದಿನ ಕೆಳಗಿನದೇ ಮೊದಲು ಇಳೀತಿತ್ತು, ಅದಕ್ಕೇ ಇದು ಆಚೆ ಬಂದಿಲ್ಲ" ಅಂದರು ಗಡಿಯಾರ.

ಕೆಲಸದಿಂದ ತೆಗೆಯಲಿಲ್ಲ. ಆರು ತಿಂಗಳು ಕಲಿಯುವವರ ಜೊತೆ ಅಭ್ಯಾಸದ ಯಂತ್ರದ ಮುಂದೆ ಕೂರಿಸಿದರು. ಕಾರಣ ಗೊತ್ತಾದ ಮೇಲೆ ಸರಿಹೋಗುತ್ತೇನೆ ಅಂತ ನೀವು ಅಂದುಕೊಂಡಿರಬಹುದು, ನಾನೂ ಅಂದುಕೊಂಡಿದ್ದೆ. ಮೊದಲ ವಾರದಲ್ಲಿ ಎರಡು ಸಲ ಅದನ್ನೇ ಮಾಡಿದೆ. ಗೊತ್ತಿದ್ದೂ ಮಾಡಿದೆ ಚಿಕ್ಕಪ್ಪ! ಅಭ್ಯಾಸದ ವಿಮಾನಗಳಲ್ಲಿ ಜನ ಇರುವುದಿಲ್ಲ, ಬರೀ ಚುಕ್ಕೆ. ಆದರೂ ಹೋಗಿ ವಾಂತಿ ಮಾಡಿಕೊಂಡೆ. ಈಗ ಪ್ರತಿ ಚುಕ್ಕೆಯ ಮೇಲೂ ಬೆರಳಿಟ್ಟು, ಅಂಕಿಯನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಮಾತಾಡುತ್ತೇನೆ. ಗಾಜಿನ ಹಲಗೆ ಎದ್ದು ನಿಂತರೆ ಕಣ್ಣು ಮುಚ್ಚಿ ತೆಗೆಯುತ್ತೇನೆ. ನನ್ನಷ್ಟು ನಿಧಾನದವರು ಇಡೀ ಕಚೇರಿಯಲ್ಲಿ ಇಲ್ಲ. ಆಗಸ್ಟಿನಿಂದ ಒಂದೂ ತಪ್ಪಾಗಿಲ್ಲ.

ನವೆಂಬರ್ 11ರಿಂದ ಮಧ್ಯಾಹ್ನದ ಪಾಳಿ, ಮತ್ತೆ ಅದೇ ಕುರ್ಚಿ.

ನಿಮ್ಮನ್ನು ಕ್ಷಮಿಸಿದ್ದೇನೆಯೇ ಅಂತ ಕೇಳಬೇಡಿ. ದರ್ಜಿಯ ಮುಂದೆ ಒಂದು ಆಟ ಸೋಲಲಾಗದ ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ. ಆ ನಾಲ್ಕನೆಯ ದಿನ ಸುಮ್ಮನಾದ ನನ್ನ ಮೇಲೂ ಇದೆ. ಆಟ ಇಲ್ಲಿಗೆ ನಿಲ್ಲಿಸೋಣ, ಕಾಯಿಗಳನ್ನು ಡಬ್ಬಿಗೆ ಹಾಕಿ. 11ಕ್ಕೆ ಇಲ್ಲಿಗೆ ಬರುತ್ತೇನೆ ಅಂತ ಹೊರಡಬೇಡಿ. ಈಗಲೇ ಊಟ ಸೇರುತ್ತಿಲ್ಲ, ನೀವು ಎದುರಿಗಿದ್ದರೆ ನಾನು ಕೂರಲಾರೆ.

ನಿಮ್ಮ ಅಣ್ಣನ ಮಗಳು


ನವೆಂಬರ್ 11, ಮಧ್ಯಾಹ್ನ, ವಿಮಾನದ ಒಳಗೆ

ಮಗಳೇ,

ಹೊರಡಬೇಡಿ ಅಂದಿದ್ದೆ, ಹೊರಟು ಬಂದೆ. ನಿನ್ನೆದುರಿಗೆ ಬರುವುದಿಲ್ಲ. ಈ ಕಾಗದವನ್ನು ನಿಮ್ಮ ಕಚೇರಿಯ ಬಾಗಿಲಿನವರ ಕೈಗೆ ಕೊಟ್ಟು, ನೀನು ಬಾ ಅಂದರೆ ಬರುತ್ತೇನೆ, ಇಲ್ಲವಾದರೆ ರೈಲು ಹತ್ತುತ್ತೇನೆ. ವಿಮಾನ ಹತ್ತುವ ಸಂಗತಿ ಮೊದಲೇ ಹೇಳಿದ್ದರೆ ನೀನು ನನ್ನದೊಂದು ಚುಕ್ಕೆಯನ್ನೇ ನೋಡುತ್ತಾ ಕೂರುತ್ತಿದ್ದೆ. ಅದು ಮುನ್ನೂರು ಜನಕ್ಕೆ ಮಾಡುವ ಇನ್ನೊಂದು ಮೋಸ. ಅದಕ್ಕೇ ಹೇಳಲಿಲ್ಲ.

ಒಬ್ಬನೇ ಬರುವವನಿದ್ದೆ. ನಿನ್ನ ಚಿಕ್ಕಮ್ಮ, "ನೀವೊಬ್ರೇ ಹೋಗಿ ಏನಾದ್ರೂ ಆದ್ರೆ ಆ ಹುಡುಗಿಗೆ ನಾನು ಏನಂತ ಬರೀಲಿ?" ಅಂತ ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಈಗ ಕಣ್ಣು ಮುಚ್ಚಿ ನನ್ನ ಎಡಗೈಯನ್ನು ಹಿಂಡುತ್ತಿದ್ದಾಳೆ. ಬಲಗೈಯನ್ನು ಬರೆಯಲು ಬಿಟ್ಟುಕೊಟ್ಟಿದ್ದಾಳೆ.

ನನಗೆ ಇಷ್ಟು ಭಯ ಯಾವತ್ತೂ ಆಗಿಲ್ಲ. ಮೇಲೆ ಬಂದ ಮೇಲೆ ಸ್ವಲ್ಪ ಸುಧಾರಿಸಿಕೊಂಡೆ. ಈಗ ಇಪ್ಪತ್ತು ನಿಮಿಷದಿಂದ ಸುತ್ತುತ್ತಿದ್ದೇವೆ. ಏನೋ ಘೋಷಣೆ ಮಾಡಿದರು, ನನ್ನ ಕಿವಿಗೆ ಬೀಳಲಿಲ್ಲ. ಪಕ್ಕದಲ್ಲಿ ಕೂತ, ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು ಕಾಗದದ ಅಂಚಿನಲ್ಲಿ ಬರೆದು ತೋರಿಸಿದರು: ಇಳಿಯಲು ಸರದಿ ಇದೆ, ಕಾಯಬೇಕು.

ಕಿಟಕಿಯಲ್ಲಿ ಬಗ್ಗಿ ನೋಡಿದೆ. ಕೆಳಗೆ ಒಂದು ವಿಮಾನ, ಬೆನ್ನು ಕಾಣುತ್ತದೆ. ಸುತ್ತು ಹಾಕುವಾಗ ತಲೆ ವಾರೆ ಮಾಡಿದರೆ ಮೇಲೆ ಇನ್ನೊಂದರ ಹೊಟ್ಟೆ. ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದೆ. ಇಷ್ಟು ದೊಡ್ಡದು ಅಂತ ನನಗೆ ಗೊತ್ತಿರಲಿಲ್ಲ ಮಗಳೇ. ಕಾಲಾಳು ಅಂದುಕೊಂಡಿದ್ದೆ. ಅದರ ತುಂಬ ಕಿಟಕಿಗಳಿವೆ.

ಮೂರೂ ಹತ್ತು. ನಿನ್ನ ಪಾಳಿ ಶುರುವಾಗಿ ಒಂದು ಗಂಟೆ ಆಗಿರಬೇಕು. ನಮ್ಮನ್ನು ನೋಡುತ್ತಿರುವವಳು ನೀನೋ ಬೇರೆಯವರೋ ನನಗೆ ಗೊತ್ತಿಲ್ಲ. ನೀನೇ ಆಗಿರಲಿ ಅನ್ನಿಸುತ್ತದೆ. ಮರುಗಳಿಗೆಗೆ, ಬೇಡಪ್ಪ ಅನ್ನಿಸುತ್ತದೆ. ಇದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಕೆಳಗಿನದು ಹೊರಟುಹೋಯಿತು. ಆ ಜಾಗ ಖಾಲಿ ಇದೆ. ನಾವು ಇನ್ನೂ ಇಳಿದಿಲ್ಲ. ಮೇಲಿನದು ಮೇಲೆಯೇ ಇದೆ. ನಾನು ಅದನ್ನೇ ನೋಡುತ್ತಿದ್ದೇನೆ. ಒಂದು ಸುತ್ತು ಆಯಿತು, ಇನ್ನೊಂದು ಸುತ್ತು ಆಯಿತು. ಬ್ಯಾಂಕಿನವರು ಕೈಗಡಿಯಾರ ನೋಡಿ ನೋಡಿ, ಕೆಳಗೆ ಕೂತಿರುವವರು ಯಾರೋ ಮಹಾ ನಿಧಾನದವರು ಇರಬೇಕು ಅಂತ ಬರೆದು ತೋರಿಸಿದರು. ಚಿಕ್ಕಮ್ಮ ಕಣ್ಣು ಬಿಟ್ಟು ಅದನ್ನು ಓದಿ ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಅಳು ಬಂತು.

ನಿಧಾನವಾಗಿಯೇ ಮಾಡು ಮಗಳೇ. ಕಾಯಿಸು. ಎಷ್ಟು ಹೊತ್ತು ಬೇಕಾದರೂ ಕಾಯಿಸು.

ನಿನ್ನ ಚಿಕ್ಕಪ್ಪ